ಶಾದಿಮಹಲ್ ಹಿಂದ, ಸೇಡಂ

ಲಲಿತಾಬಾಯಿಗೆ ಮರೆವು ಶುರುವಾಗಿದೆ ಎಂದು ಮೊದಲು ಚಾಡಿ ಹೇಳಿದ್ದು ಉಪ್ಪು. ಬೇಳೆಸಾರಿಗೆ ಎರಡು ಸಲ ಬಿದ್ದು, ಕಲ್ಯಾಣಪ್ಪನ ನಾಲಿಗೆಯ ಮೇಲೆ ಕುಳಿತು ಸಾಕ್ಷಿ ನುಡಿಯಿತು. ಆಮೇಲೆ ಬೀಗದಕೈ ಕಳೆಯಿತು. ಮನೆಯೆಲ್ಲ ಜಾಲಾಡಿದರೆ ಅದು ಫ್ರಿಜ್ಜಿನೊಳಗೆ ಹಸಿಮೆಣಸಿನಕಾಯಿಯ ಪಕ್ಕದಲ್ಲಿ ತಣ್ಣಗೆ ಮಲಗಿತ್ತು. ಬೇರೆ ಗಂಡಸಾಗಿದ್ದರೆ ನಕ್ಕು ಮರೆತುಬಿಡುತ್ತಿದ್ದ. ಕಲ್ಯಾಣಪ್ಪ ಅಂಥವನಲ್ಲ. ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ, ಯಾವ ಗಾಡಿ ಯಾವ ಹಳಿಗೆ ಹೊರಳಬೇಕೋ ಆ ಹಳಿ ಸರಿಯಾಗಿ ಕೂಡಿದೆಯೇ ಎಂದು ನೋಡುತ್ತಲೇ ಆಯುಷ್ಯ ಸವೆಸಿ ನಿವೃತ್ತನಾದವನು. ಬೆರಳಷ್ಟು ಸಂದು ಉಳಿದರೂ ಗಾಡಿ ಉರುಳುತ್ತದೆ ಎಂಬುದು ಅವನ ವೇದಾಂತ. ಸಾರಿನ ಉಪ್ಪಿಗೂ ಅವನು ಅದೇ ವೇದಾಂತವನ್ನು ಹಚ್ಚಿದ.

ಅವನ ಅಂಜಿಕೆಗೆ ಕಾರಣ ಇಲ್ಲದೆ ಇರಲಿಲ್ಲ. ಲಲಿತಾಬಾಯಿಯ ತಾಯಿ ಶಿವಗಂಗಮ್ಮ, ಚಿಂಚೋಳಿ ತಾಲೂಕಿನ ಐನಾಪುರದವಳು, ಕಡೆಗಾಲಕ್ಕೆ ಮಗಳ ಮನೆಗೇ ಬಂದಿದ್ದಳು. ರೈಲ್ವೆ ಕ್ವಾರ್ಟರ್ಸಿನ ಸಣ್ಣ ಅಡುಗೆಮನೆಯಲ್ಲಿ ಕುಳಿತು, ಮಗಳು ಬಡಿದುಕೊಟ್ಟ ರೊಟ್ಟಿ ತಿನ್ನುತ್ತ ಒಂದು ದಿನ ಕೇಳಿದಳು: "ಯಾರ ಮಗಳವ್ವ ನೀ? ರೊಟ್ಟಿ ಭಾಳ ಚಲೋ ಮಾಡ್ತಿ."

ಲಲಿತಾಬಾಯಿ ಒಲೆಯ ಕಡೆ ಮುಖ ತಿರುಗಿಸಿ, "ಐನಾಪುರದ ಶಿವಗಂಗಮ್ಮನ ಮಗಳ್ರಿ," ಎಂದಳು.

"ಆಕಿ ಗೊತ್ತು ನನಗ," ಎಂದು ಮುದುಕಿ ನಕ್ಕಿದ್ದಳು. ಬಾಗಿಲಲ್ಲಿ ನಿಂತಿದ್ದ ಕಲ್ಯಾಣಪ್ಪ ಆ ನಗುವನ್ನು ಮರೆತಿರಲಿಲ್ಲ. ತಾಯಿಗೆ ಬಂದದ್ದು ಮಗಳಿಗೂ ಬಂದರೆ? ಒಂದು ದಿನ ಲಲಿತಾ ತನ್ನ ಕಡೆ ತಿರುಗಿ "ಯಾರ್ರಿ ನೀವು?" ಎಂದರೆ? ಹಾಗೊಮ್ಮೆ ಅಂದದ್ದೇ ಆದರೆ ತಾನು ಏನು ಉತ್ತರ ಕೊಡಬೇಕು ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ. ಮನುಷ್ಯನಿಗೆ ತನ್ನ ಹೆಸರು ತನಗೆ ಗೊತ್ತಿದ್ದರೆ ಸಾಲದು, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಬೇಕು.

ಸೇಡಂನಲ್ಲಿ ಶಿಕ್ಷಕಿಯಾಗಿದ್ದ ಮಗಳು ಭಾಗ್ಯಜ್ಯೋತಿಗೆ ಫೋನು ಹೋಯಿತು. ಅವಳ ಊರಿನಲ್ಲಿ ಹಿರಿಯರಿಗಾಗಿ ನೆನಪಿನ ತಪಾಸಣೆ ಶಿಬಿರ ಇತ್ತು. "ಬಿಪಿ ನೋಡಿದಂಗ ನೋಡ್ತಾರವ್ವ, ಎಲ್ಲಾರಿಗೂ ನೋಡ್ತಾರ," ಎಂದು ಅವಳು ತಾಯಿಯನ್ನು ಒಪ್ಪಿಸಿದಳು. ಲಲಿತಾಬಾಯಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಬೀಗರ ಮನೆಗೆ ಹೊರಟಷ್ಟೇ ಹುರುಪಿನಿಂದ ರೈಲು ಹತ್ತಿದಳು. ಚಿತ್ತಾಪುರ ಬಂದಾಗ ಕಿಟಕಿಯಿಂದಲೇ ಪೇರಲಹಣ್ಣು ಚೌಕಾಶಿ ಮಾಡಿ ಕೊಂಡಳು. ಗಂಡ ಮಾತ್ರ ಆಸ್ಪತ್ರೆಗೆ ಹೆಣ ಗುರುತಿಸಲು ಹೊರಟವನಂತೆ ಕುಳಿತಿದ್ದ.

ಶಿಬಿರದಲ್ಲಿ ಲಲಿತಾಬಾಯಿಯನ್ನು ಒಳಕೋಣೆಗೆ ಕರೆದೊಯ್ದರು. ಮೈಸೂರು ಕಡೆಯ ಒಬ್ಬ ಹುಡುಗಿ, ಮನೋವಿಜ್ಞಾನ ಓದಿದವಳು, ಬಂದವರಿಗೆಲ್ಲ ಪ್ರಶ್ನೆ ಕೇಳುತ್ತಿದ್ದಳು. ಜೊತೆಗೆ ಬಂದವರು ಹೊರಗೆ ಕುರ್ಚಿಗಳಲ್ಲಿ ಕುಳಿತರು. ಅಲ್ಲಿ ಡಾಕ್ಟರ್ ತೌಸೀಫ್ ಮಾತಾಡುತ್ತಿದ್ದ. ಶಹಾಬಾದಿನ ಹುಡುಗ, ಹೈದರಾಬಾದಿನಲ್ಲಿ ಕಲಿತು ನರರೋಗದ ಡಾಕ್ಟರಾಗಿದ್ದರೂ ನಾಲಿಗೆ ಮಾತ್ರ ಊರಿನದನ್ನೇ ಇಟ್ಟುಕೊಂಡಿದ್ದ.

"ನಮ್ಮ ಮಿದುಳಿನ್ಯಾಗ ಕೋಶ ಇರ್ತಾವ್ರಿ, ಕೋಟಿಗಟ್ಟಲೆ. ಒಂದಕ್ಕೊಂದು ಅಂಟ್ಕೊಂಡಿರಂಗಿಲ್ಲ. ನಡುವ ಕೂದಲೆಳಿಗಿಂತ ಸಣ್ಣ ಸಂದು ಅದ. ಈ ಕಡಿದು ಸುದ್ದಿ ಒಗಿತದ, ಆ ಕಡಿದು ಹಿಡಿತದ. ಹಿಡಿಲಿಕ್ಕೆ ಅದರ ಮೈಮ್ಯಾಲ ಪ್ರೋಟೀನಿನ ಸಣ್ಣ ಸಣ್ಣ ಕೈ ಇದ್ದಂಗ ಇರ್ತಾವ. ಸುದ್ದಿ ಭಾಳ ಓಡಾಡಿದ್ರ ಕೈ ಹೆಚ್ಚಾಗ್ತಾವ, ಕೂಡಿಕಿ ಗಟ್ಟಿ ಆಗ್ತದ. ಸುದ್ದಿ ಕಮ್ಮಿ ಆತಂದ್ರ ಕೋಶ ಆ ಕೈಗಳನ್ನ ಒಳಗ ಎಳಕೊಂಡು ಬಿಡ್ತದ. ಸೊರಗಿದ ಕೂಡಿಕಿಗೆ ಇನ್ನೊಂದು ಪ್ರೋಟೀನ್ ಬಂದು ಮೆತ್ತಿಕೊಂತದ, ಗುರುತು ಹಚ್ಚಿದಂಗ. ಆ ಗುರುತು ನೋಡಿ, ಮಿದುಳಿನ ಕಸ ಹೊಡಿಯೋ ಕೋಶ ಬಂದು ಆ ಕೂಡಿಕಿನೇ ತಿಂದು ಹಾಕ್ತಾವ."

ಮಂದಿ ಬಾಯಿ ತೆರೆದು ಕೇಳುತ್ತಿದ್ದರು. "ಮರೆವಿನ ರೋಗದಾಗ ಏನಾಗ್ತದಂದ್ರ, ಈ ಗುರುತು ಹಚ್ಚೋ ಕೆಲಸ ಹದ್ದು ಮೀರ್ತದ. ಚಂದ ನಡಿಯೋ ಕೂಡಿಕಿಗೂ ಗುರುತು ಬೀಳ್ತದ. ಕಸ ಹೊಡಿಯೋ ಕೋಶಕ್ಕ ಚಲೋದು ಯಾವುದು, ಕೆಟ್ಟದ್ದು ಯಾವುದು ಗೊತ್ತಾಗಂಗಿಲ್ಲ. ಗುರುತು ಒಂದೇ ಗೊತ್ತು."

ಉಳಿದವರಿಗೆ ಎಷ್ಟು ತಿಳಿಯಿತೋ, ಕಲ್ಯಾಣಪ್ಪನಿಗೆ ಮಾತ್ರ ಎದೆ ಝಲ್ಲೆನ್ನುವಷ್ಟು ತಿಳಿಯಿತು. ಹಳಿಯ ಕೆಳಗಿನ ಹಾಳಾದ ಸ್ಲೀಪರುಗಳಿಗೆ ಮೊದಲು ಒಬ್ಬ ಬಣ್ಣ ಹಚ್ಚಿಕೊಂಡು ಹೋಗುತ್ತಿದ್ದ. ಹಿಂದೆ ಬರುವ ಗ್ಯಾಂಗಿನವರು ಬಣ್ಣ ಕಂಡದ್ದನ್ನೆಲ್ಲ ಕಿತ್ತು ಹಾಕುತ್ತಿದ್ದರು. ಒಮ್ಮೆ ಹೊಸಬನೊಬ್ಬ ಗಟ್ಟಿಮುಟ್ಟಾದ ಸ್ಲೀಪರುಗಳಿಗೂ ಬಣ್ಣ ಬಳಿದು, ಗ್ಯಾಂಗಿನವರು ಅವನ್ನೂ ಕಿತ್ತು ರಾಶಿ ಹಾಕಿದ್ದರು. ಕಿತ್ತವರನ್ನು ಯಾರೂ ಬೈಯಲಿಲ್ಲ. ಬಣ್ಣ ಇತ್ತು, ಕಿತ್ತರು.

ಅಷ್ಟರಲ್ಲಿ ಒಳಗಿನಿಂದ ಆ ಹುಡುಗಿ ಬಂದು ಕಲ್ಯಾಣಪ್ಪನನ್ನೂ ಭಾಗ್ಯಜ್ಯೋತಿಯನ್ನೂ ಪಕ್ಕಕ್ಕೆ ಕರೆದಳು. ಒಳ್ಳೆಯ ಹುಡುಗಿ, ದನಿ ತಗ್ಗಿಸಿಯೇ ಹೇಳಿದಳು.

"ನೋಡಿ, ಅಮ್ಮನಿಗೆ ಸ್ವಲ್ಪ ತೊಂದರೆ ಇರೋ ಹಾಗಿದೆ. ಒಂದು ವಿಳಾಸ ಹೇಳಿ, ಆಮೇಲೆ ವಾಪಸ್ ಕೇಳಿದೆ. ಪದ ಬದಲಾಯಿಸಿಬಿಟ್ಟರು. ನನ್ನ ಹಿಂದೆಯೇ ಹೇಳಿ ಅಂದರೂ ಹೇಳೋಕೆ ಆಗಲಿಲ್ಲ. ನಿಮ್ಮ ಈ ಭಾಗಕ್ಕೆ ಏನಂತಾರೆ ಅಂದರೆ ಹಳೇ ಹೆಸರು ಹೇಳ್ತಾರೆ. ಕೇಳಿದಾಗೆಲ್ಲ ಸುಮ್ಮನೆ ನಗ್ತಾರೆ. ಭಾನುವಾರ ಡಾಕ್ಟರು ಶಹಾಬಾದಿನ ಕ್ಲಿನಿಕ್ಕಿನಲ್ಲಿ ಇರ್ತಾರೆ, ಒಮ್ಮೆ ತೋರಿಸಿಬಿಡಿ."

ಸುಮ್ಮನೆ ನಗುತ್ತಾರೆ. ಶಿವಗಂಗಮ್ಮನೂ ನಕ್ಕಿದ್ದಳು.

ಆಮೇಲಿನ ದಿನಗಳಲ್ಲಿ ಕಲ್ಯಾಣಪ್ಪ ಮಾಡಿದ ಪತ್ತೇದಾರಿ ಕೆಲಸವನ್ನು ಏನೆಂದು ಹೇಳುವುದು! ಹೆದರಿದವನ ಮೇಲೆ ಹಾವು ಎಸೆದರಂತೆ. ಇವನ ಮೇಲೆ ಯಾರೂ ಎಸೆಯದಿದ್ದರೂ ತಾನೇ ಹುತ್ತ ಹುಡುಕಿಕೊಂಡು ಹೋದ. ಹೆಂಡತಿಗೆ ಗೊತ್ತಾಗದಂತೆ ಪರೀಕ್ಷೆ ಮಾಡಬೇಕೆಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಬಹಳ ಸಹಜವಾಗಿ ಕೇಳಿದಂತೆ ಕೇಳುತ್ತಿದ್ದ.

"ಅಲ್ಲ ಲಲಿತಾ, ನಿನ್ನಿ ರಾತ್ರಿ ನಾವು ಏನ್ ಉಂಡ್ವಿ?"

"ಪುಂಡಿಪಲ್ಯ. ಯಾಕ್ರಿ?"

"ಏನಿಲ್ಲ, ಹಂಗೇ. ಇವತ್ತು ಯಾವ ವಾರ?"

"ಬೇಸ್ತವಾರ."

"ನಮ್ಮ ಭಾಗ್ಯನ್ನ ಯಾವ ಊರಿಗಿ ಕೊಟ್ಟೀವಿ?"

ಲಲಿತಾಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಗಂಡನನ್ನು ದೀರ್ಘವಾಗಿ ನೋಡಿದಳು. "ಸೇಡಂಗ್ರಿ," ಎಂದಳು ಮೆಲ್ಲಗೆ. ಉತ್ತರ ಸರಿಯಾಗಿತ್ತು. ಆದರೆ ಅವಳ ಕಣ್ಣಲ್ಲಿ ಏನೋ ಗಾಬರಿ ಕಂಡು, ಉತ್ತರಕ್ಕೆ ತಡಕಾಡಿದಳೆಂದೇ ಅವನು ತಿಳಿದ.

ಸಾಕ್ಷ್ಯಗಳೂ ಸಿಕ್ಕವು, ಹುಡುಕುವವನಿಗೆ ಸಿಗದೆ ಇರುತ್ತವೆಯೇ? ಅವಳ ಅಕ್ಕನ ಮೊಮ್ಮಗಳ ಮದುವೆ ಬಸವಕಲ್ಯಾಣದಲ್ಲಿತ್ತು. ಪಕ್ಕದ ಮನೆಯವಳು ಕೇಳಿದರೆ ಲಲಿತಾಬಾಯಿ, "ಬಸವಣ್ಣನ ಊರಾಗ ಅದ," ಎಂದಳು. ಊರ ಹೆಸರು ಮರೆತಿದೆ ಎಂದುಕೊಂಡ ಕಲ್ಯಾಣಪ್ಪ. ಸರ್ಕಾರಿ ಬಸ್ಸು ರಸ್ತೆಯಲ್ಲಿ ಧೂಳೆಬ್ಬಿಸಿ ಹೋದಾಗ, "ಹೈದ್ರಾಬಾದ್ ಕರ್ನಾಟಕದ ಬಸ್ಸು ಇವತ್ತ ಲೇಟ್ ಆತು," ಎಂದಳು. ಸರ್ಕಾರ ಆ ಹೆಸರು ಬದಲಿಸಿ ಕಲ್ಯಾಣ ಕರ್ನಾಟಕ ಎಂದು ಮಾಡಿದ್ದು, ಬಸ್ಸುಗಳ ಮೇಲೆಲ್ಲ ಬರೆಸಿದ್ದು ಇವಳ ತಲೆಯಿಂದ ಜಾರಿಹೋಗಿದೆ! ಹೊಸ ನೆನಪುಗಳಿಗೇ ಮೊದಲು ಗುರುತು ಬಿದ್ದಿದೆ, ಹಳೆಯವು ಇನ್ನೂ ಉಳಿದಿವೆ. ಮಲಗಿದ ಹೆಂಡತಿಯ ನರೆತ ಬೈತಲೆಯನ್ನು ನೋಡಿದಾಗೆಲ್ಲ, ಅದರ ಕೆಳಗೆ ಕೈಯಲ್ಲಿ ಡಬ್ಬ ಹಿಡಿದು ಬಣ್ಣ ಬಳಿಯುತ್ತ ಹೋಗುವ ಆ ಹೊಸಬನೇ ಕಾಣುತ್ತಿದ್ದ.

ಭಾಗ್ಯಜ್ಯೋತಿಯ ಪಾಡು ಬೇರೆಯೇ. ಅಪ್ಪನ ಫೋನು ಇಟ್ಟರೆ ಅವ್ವನ ಫೋನು ಬರುತ್ತಿತ್ತು. ಅವಳು ಇಬ್ಬರಿಗೂ ಹೂಂಗುಟ್ಟಿ, ಇಬ್ಬರಿಗೂ ಒಂದೇ ಮಾತು ಹೇಳಿದಳು: ಐತವಾರ ಶಹಾಬಾದಿಗೆ ಹೋಗಿ ಬರ್ರಿ.

ಐತವಾರ ಅವಳೂ ಬಂದು ಜೊತೆಗೂಡಿದಳು. ಸ್ಟೇಷನ್ನಿನಿಂದ ಹತ್ತಿರದಲ್ಲೇ ಇತ್ತು ಕ್ಲಿನಿಕ್ಕು. ಊರಿನ ಫರ್ಸಿ ಕಲ್ಲು ಹಾಸಿದ ತಣ್ಣನೆಯ ನೆಲ, ಗೋಡೆಗೆ ಮಿದುಳಿನ ಒಂದು ಚಿತ್ರ. ಡಾಕ್ಟರ್ ತೌಸೀಫ್ "ಬರ್ರಿ, ಕುಂದ್ರಿ," ಎಂದ. ಕಲ್ಯಾಣಪ್ಪ ಬಾಯಿ ತೆರೆಯುವ ಮೊದಲೇ ಲಲಿತಾಬಾಯಿ ಕುರ್ಚಿಯ ಅಂಚಿಗೆ ಸರಿದು ಕೈ ಮುಗಿದಳು.

"ಡಾಕ್ಟರ್ ಸಾಬ್, ಇವ್ರನ್ನ ಚಲೋತ್ನಾಗ ನೋಡ್ರಿ. ರಾತ್ರಿ ಉಂಡದ್ದು ಮುಂಜಾನಿಗಿ ನೆಪ್ಪಿರಂಗಿಲ್ಲ ಇವ್ರಿಗಿ. ವಾರ ನೆಪ್ಪಿರಂಗಿಲ್ಲ. ಹೊಟ್ಯಾಗ ಹುಟ್ಟಿದ ಮಗಳನ್ನ ಎಲ್ಲಿಗಿ ಕೊಟ್ಟೀವಿ ಅಂತ ನನಗ ಕೇಳ್ತಾರ್ರಿ."

ಕಲ್ಯಾಣಪ್ಪ ಅವಳ ಕಡೆ ತಿರುಗಿದ. "ಏ, ನನಗೇನಾಗ್ಯಾದ? ನಾ ನಿನ್ನ ತೋರ್ಸಲಿಕ್ಕೆ ಬಂದೀನಿ!"

"ನೋಡ್ರಿ ಸಾಬ್, ಅದೂ ಮರ್ತಾರ," ಎಂದಳು ಲಲಿತಾಬಾಯಿ. "ನಮ್ಮವ್ವ ನನ್ನ ಮರ್ತ್ಲು. ಅದನ್ನ ತಡಕೊಂಡೆ. ಇವರೂ ಮರ್ತ್ರ ನಾ ಯಾರ ಮುಂದ ಹೋಗಿ ನಿಂದ್ರಲಿ?"

ಒಂದೇ ಹಾಸಿಗೆಯ ಎರಡು ತುದಿಯಲ್ಲಿ ಮಲಗಿ, ಇಬ್ಬರೂ ಒಂದೇ ಅಂಜಿಕೆಯನ್ನು ಒಬ್ಬರಿಗೊಬ್ಬರು ಕಾಣದಂತೆ ಹೊದ್ದುಕೊಂಡಿದ್ದರು. ಭಾಗ್ಯಜ್ಯೋತಿ ಕಿಟಕಿಯ ಕಡೆ ನೋಡುತ್ತ ಕಣ್ಣೊರೆಸಿಕೊಂಡಳು. ಕಲ್ಯಾಣಪ್ಪನಿಗೆ ನಾಚಿಕೆಯೂ ಆಯಿತು, ಮುದ್ದೂ ಬಂತು, ಅಂಜಿಕೆ ಮಾತ್ರ ಹೋಗಲಿಲ್ಲ. ತಾನು ಮರೆತಿಲ್ಲ ಎಂಬುದು ತನಗೆ ಗೊತ್ತು. ಇವಳು?

ಡಾಕ್ಟರು ಜಾಣ. "ಆತು, ಇಬ್ಬರಿಗೂ ಕೇಳ್ತೀನಿ. ಮೊದಲ ಅವ್ವ ಹೇಳ್ಲಿ," ಎಂದ. "ಒಂದು ಅಡ್ರೆಸ್ ಹೇಳ್ತೀನಿ, ನೆನಪಿಡ್ರಿ. ಶಿಬಿರದಾಗ ಕೇಳಿದ್ದೇ ಇದು. ಸಂತೋಷಕುಮಾರ, ಎರಡನೇ ಓಣಿ, ಕಲ್ಯಾಣ ಮಂಟಪದ ಹಿಂದ, ಸೇಡಂ."

ಆಮೇಲೆ ಬೇರೆ ಮಾತು ತೆಗೆದ. ಗಡಿಯಾರದ ಚಿತ್ರ ಬರೆಸಿದ, ತಿಂಗಳುಗಳ ಹೆಸರನ್ನು ಕೊನೆಯಿಂದ ಮೊದಲಿಗೆ ಹೇಳಿಸಿದ. ಲಲಿತಾಬಾಯಿ ಎಲ್ಲೂ ಎಡವಲಿಲ್ಲ. ಕಲ್ಯಾಣಪ್ಪ ತಿರುವಿಗೆ ಬಂದ ಗಾಡಿಯನ್ನು ನೋಡುವಂತೆ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಈಗ ಹೇಳ್ರಿ, ಆ ಅಡ್ರೆಸ್ ಏನು?"

"ಸಂತೋಷಕುಮಾರ, ಎರಡನೇ ಓಣಿ," ಎಂದಳು ಲಲಿತಾಬಾಯಿ ಪಟಪಟನೆ. ಆಮೇಲೆ ಒಂದು ಕ್ಷಣ ತಡೆದಳು. "ಶಾದಿಮಹಲ್ ಹಿಂದ, ಸೇಡಂ."

ಪದ ಬದಲಾಯಿಸಿದಳು. ಆ ಹುಡುಗಿ ಹೇಳಿದ್ದು ಸುಳ್ಳಲ್ಲ.

"ಶಾದಿಮಹಲ್ ಅಂದಿಲ್ಲವ್ವ ನಾ," ಎಂದ ಡಾಕ್ಟರು.

"ಲಗ್ನದ ಹಾಲ್ ಅನ್ರಿ, ಎಲ್ಲಾ ಒಂದೇ."

"ಒಂದೇ ಖರೆ. ಆದ್ರ ನಾ ಅಂದಂಗ ಅನ್ನಬೇಕು. ನನ್ನ ಹಿಂದ ಅನ್ರಿ: ಕಲ್ಯಾಣ ಮಂಟಪ."

ಲಲಿತಾಬಾಯಿ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಗಂಡನ ಕಡೆ ಓರೆಗಣ್ಣಿಂದ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅನ್ನಲಿಲ್ಲ.

ಆ ನಗು ಶಿವಗಂಗಮ್ಮನ ನಗುವಾಗಿರಲಿಲ್ಲ. ಈ ನಗುವನ್ನು ಕಲ್ಯಾಣಪ್ಪ ಬೇರೆಲ್ಲೋ ಕಂಡಿದ್ದ. ಎಲ್ಲಿ? ಐನಾಪುರದಲ್ಲಿ, ಹಂದರದ ಕೆಳಗೆ, ಹೆಂಗಸರೆಲ್ಲ ಹೊಸ ಮದುಮಗಳನ್ನು ಸುತ್ತುಗಟ್ಟಿ, "ಒಡಪು ಹಾಕಿ ಗಂಡನ ಹೆಸರು ಹೇಳಿದ್ರ ಒಳಗ ಬಿಡ್ತೀವಿ," ಎಂದು ಕಾಡಿದಾಗ. ಆವತ್ತು ಅವಳು ಪ್ರಾಸ ಕಟ್ಟಿದ ಎರಡು ಸಾಲಿನ ಒಡಪಿನ ನಡುವೆ ಅವನ ಹೆಸರನ್ನು ಬಚ್ಚಿಟ್ಟು, ಒಂದೇ ಉಸಿರಿಗೆ ಹೇಳಿ, ಹೀಗೇ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. ಆಮೇಲೆ ಇಂದಿನವರೆಗೂ ಅವಳ ಬಾಯಲ್ಲಿ ಅವನು "ಏನ್ರಿ", "ಇವರು", "ಭಾಗ್ಯಾನ ಅಪ್ಪ". ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳವ್ವ ಹೇಳಿಕೊಟ್ಟಿದ್ದಳು. ಅವ್ವ ಮಗಳನ್ನೇ ಮರೆತಳು, ಅವ್ವ ಹೇಳಿದ್ದನ್ನು ಮಗಳು ಮರೆಯಲಿಲ್ಲ.

ಬಸವಣ್ಣನ ಊರು. ಹೈದ್ರಾಬಾದ್ ಕರ್ನಾಟಕದ ಬಸ್ಸು. ಓಣಿಯ ಹೆಂಗಸರ ಅಕ್ಕನ ಬಳಗದಲ್ಲಿ ವಚನ ಓದುವಾಗ ಕಲ್ಯಾಣ ಎಂಬ ಪದ ಬಂದಲ್ಲೆಲ್ಲ ತಪ್ಪದೆ ಬರುವ ಅವಳ ಕೆಮ್ಮು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಕಲ್ಯಾಣಪ್ಪ ಸೇಡಂ, ಶಹಾಬಾದು ಎಲ್ಲ ಹುಡುಕಿ ಬಂದಿದ್ದ, ಕೂಸು ತಾನೇ ಆಗಿದ್ದ.

ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಡಾಕ್ಟರ್ ಸಾಬ್! ನನ್ನ ಹೆಸರು ಕಲ್ಯಾಣಪ್ಪ!"

ಡಾಕ್ಟರಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ನಮ್ಮಮ್ಮೀನೂ ಹಿಂಗೇ ಅದಾಳ್ರಿ! ಇವತ್ತಿಗೂ ಅಬ್ಬಾನ ಹೆಸರು ಅನ್ನಂಗಿಲ್ಲ. ನಮ್ಮಣ್ಣ ತಾಹಿರ್ ಅಂತ ಅದಾನ, 'ತಾಹಿರ್ ಕೇ ಅಬ್ಬಾ' ಅಂತ ಕರೀತಾಳ. ನಾನೇ ಈ ಅಡ್ರೆಸ್ ಆರಿಸೀನಿ, ನನಗರೇ ಹೊಳೀಬೇಕಿತ್ತಲ್ಲ! ಆ ಹುಡುಗಿ ಏನ್ ಮಾಡ್ತದ ಪಾಪ."

"ಅಂದ್ರ ಈಕಿಗಿ ಗುರುತು ಬಿದ್ದಿಲ್ಲ?" ಎಂದು ಕೇಳಿದ ಕಲ್ಯಾಣಪ್ಪ.

"ಇವತ್ತಿಗಿ ರೋಗದ ಲಕ್ಷಣ ಏನೂ ಕಾಣವಲ್ದು. ಒಮ್ಮೆ ರಕ್ತ ತಪಾಸ್ ಮಾಡ್ಸೂಣು, ಬಿ ಹನ್ನೆರಡು, ಥೈರಾಯ್ಡ್, ಅಷ್ಟೇ. ವರ್ಷಕ್ಕೊಮ್ಮೆ ಬಂದು ಹೋಗ್ರಿ."

"ಮತ್ತ ಉಪ್ಪು? ಬೀಗದಕೈ?"

"ಅದನ್ನ ನಾ ಹೇಳ್ತೀನಿ," ಎಂದಳು ಲಲಿತಾಬಾಯಿ. ಈಗ ಅವಳಿಗೂ ಯಾರು ಯಾರನ್ನು ತೋರಿಸಲು ತಂದಿದ್ದರು ಎಂಬುದು ತಿಳಿದು, ಕಣ್ಣಲ್ಲಿ ಕಿಡಿ ಬಂದಿತ್ತು. "ಇವ್ರು ರಿಟೈರ್ ಆದಾಗಿಂದ ಅಡಿಗಿಮನಿ ಹೊಸ್ತಿಲ ಬಿಟ್ಟು ಏಳಂಗಿಲ್ಲ. ಉಪ್ಪಿನ ಡಬ್ಬಿಗಿ ಕೈ ಹಾಕಿದಾಗೇ ಒಂದು ಮಾತು ತೆಗೀತಾರ. ಹಾಕೀನೋ ಬಿಟ್ಟೀನೋ ತಿಳೀಬೇಕಾದ್ರ ತಲಿ ಖಾಲಿ ಇರಬೇಕಲ್ರಿ? ಬೀಗದಕೈದೂ ಅದೇ ಕಥಿ."

"ಸರಿ ಅಂದ್ರಿ," ಎಂದ ಡಾಕ್ಟರು. "ಗಮನ ಇಲ್ಲದಾಗ ಮಾಡಿದ ಕೆಲಸದ ಸುದ್ದಿ ಮಿದುಳಿನ್ಯಾಗ ಗಟ್ಟಿಯಾಗಿ ಕೂಡಂಗೇ ಇಲ್ಲ. ಕೂಡದಿದ್ದದ್ದು ಕಳೀತು ಅಂತ ಹುಡುಕಿದ್ರ ಹ್ಯಾಂಗ? ಮತ್ತೊಂದು ಮಾತು. ಶಿಬಿರದಾಗ ನೀವು ಅರ್ಧ ಕೇಳಿ ಹೋದ್ರಿ. ಆ ಕೈ ಒಳಗ ಎಳ್ಕೊಳ್ಳೋದು, ಗುರುತು ಹಚ್ಚೋದು, ಕಸ ಹೊಡಿಯೋದು, ಇದೆಲ್ಲಾ ರೋಗ ಅಲ್ಲ. ಹುಟ್ಟಿದ ಕೂಸಿನ ಮಿದುಳಿನ್ಯಾಗೂ ನಡೀತದ, ನನ್ನ ಮಿದುಳಿನ್ಯಾಗೂ ನಡೀಲಿಕತ್ತದ. ಕೂಡಿಸಿದ್ದೆಲ್ಲಾ ಕೂಡೇ ಇತ್ತಂದ್ರ ಹೊಸಾದಕ್ಕ ಜಾಗ ಎಲ್ಲದ? ಹದ್ದು ಮೀರಿದ್ರ ಮಾತ್ರ ರೋಗ. ಸಣ್ಣಪುಟ್ಟ ಮರಿವು ಮಿದುಳಿನ ಸಂಸಾರ."

ಎಷ್ಟೋ ದಿನಗಳಿಂದ ಎದೆಯ ಮೇಲೆ ಕುಳಿತಿದ್ದ ಫರ್ಸಿ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು ಕಲ್ಯಾಣಪ್ಪನಿಗೆ. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಬೆವರು ಒರೆಸಿಕೊಂಡನೆಂದು ಎಲ್ಲರೂ ತಿಳಿಯಲಿ ಎಂದು ಕತ್ತನ್ನೂ ಒರೆಸಿಕೊಂಡ.

"ಆದ್ರ ನನ್ನ ಕಾಗದದಾಗ ಆ ಅಡ್ರೆಸ್ಸಿನ ಜಾಗ ಖಾಲಿ ಬಿಡಂಗಿಲ್ಲ ನಾ," ಎಂದು ಡಾಕ್ಟರು ಪೆನ್ನು ಎತ್ತಿಕೊಂಡ. "ಅವ್ವ, ಒಮ್ಮೆ ಅನ್ನಲೇಬೇಕು."

"ಆಗಂಗಿಲ್ಲ ಬಿಡ್ರಿ," ಎಂದಳು ಲಲಿತಾಬಾಯಿ.

ಭಾಗ್ಯಜ್ಯೋತಿ ತಾಯಿಯ ಪಕ್ಕಕ್ಕೆ ಬಂದು ಭುಜ ತಟ್ಟಿದಳು. "ಒಡಪು ಹಾಕವ್ವ. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲಲ್ಲ."

ಲಲಿತಾಬಾಯಿ ನೆಲ ನೋಡಿದಳು, ಗೋಡೆಯ ಮೇಲಿನ ಮಿದುಳು ನೋಡಿದಳು. ಹಳೆಯ ಒಡಪು ಹೇಳುತ್ತಾಳೆಂದು ಕಲ್ಯಾಣಪ್ಪ ಕಾದ. ಅವಳು ಹಳೆಯದನ್ನು ಹೇಳಲಿಲ್ಲ. ಅಲ್ಲೇ, ಆಗಲೇ ಕಟ್ಟಿದಳು. ಕಟ್ಟಿ, ಒಂದೇ ಉಸಿರಿಗೆ ಹೇಳಿದಳು:

"ಮರ್ತೀನಂತ ತಿಳೀಬ್ಯಾಡ್ರಿ, ಬಾಯಾಗ ಇಟ್ಟೀನಿ ಬೆಲ್ಲ,
ಕಲ್ಯಾಣಪ್ಪನವರ ಹೆಸರೊಂದ ಬಿಟ್ಟು ಬ್ಯಾರೇನೂ ನೆಪ್ಪಿಲ್ಲ!"

ಡಾಕ್ಟರು ಮೇಜು ಕುಟ್ಟಿ ನಕ್ಕ. "ನೆನಪಿನ ಡಾಕ್ಟರ್ ಮುಂದ 'ಬ್ಯಾರೇನೂ ನೆಪ್ಪಿಲ್ಲ' ಅಂದ್ರ ನಾ ಸೊನ್ನಿ ಹಾಕಬೇಕಾಗ್ತದ್ರಿ!" ಸೊನ್ನೆ ಹಾಕಲಿಲ್ಲ. ಆಮೇಲೆ ಕಲ್ಯಾಣಪ್ಪನ ಕಡೆ ತಿರುಗಿದ. "ಈಗ ನಿಮ್ಮ ಪಾಳಿ. ಅಡ್ರೆಸ್ ಏನಿತ್ತು?"

"ಸಂತೋಷಕುಮಾರ," ಎಂದ ಕಲ್ಯಾಣಪ್ಪ. ಓಣಿ ಎಷ್ಟನೆಯದೋ ನೆನಪಾಗಲಿಲ್ಲ. "ಶಾದಿಮಹಲ್ ಹಿಂದ, ಸೇಡಂ."

ಸಂಜೆ ಶಹಾಬಾದ್ ಸ್ಟೇಷನ್ನಿನ ಬೆಂಚಿನ ಮೇಲೆ ಗಾಡಿಗೆ ಕಾಯುತ್ತ ಇಬ್ಬರೂ ಕುಳಿತಿದ್ದರು. ಭಾಗ್ಯಜ್ಯೋತಿ ಚಹಾ ತರಲು ಹೋಗಿದ್ದಳು. ಲಲಿತಾಬಾಯಿ ಚೀಲದಿಂದ ಪೇರಲಹಣ್ಣು ತೆಗೆದು ಸೀರೆಯ ಸೆರಗಿಗೆ ಒರೆಸಿ ಗಂಡನ ಕೈಗಿಟ್ಟಳು. ಕಲ್ಯಾಣಪ್ಪ ಅದನ್ನು ತಿನ್ನಲಿಲ್ಲ. ಎದುರಿನ ಹಳಿಗಳನ್ನು ನೋಡುತ್ತ, ಗಂಟಲು ಸರಿಮಾಡಿಕೊಂಡು, ಬಹಳ ಸಹಜವಾಗಿ ಕೇಳಿದಂತೆ ಕೇಳಿದ.

"ಅಲ್ಲ ಲಲಿತಾ, ಅದೇನೋ ಅಂದೆಲ್ಲ ಒಳಗ... ಇನ್ನೊಮ್ಮೆ ಹೇಳು."

ಲಲಿತಾಬಾಯಿ ಸೆರಗು ಸರಿಪಡಿಸಿಕೊಂಡಳು. "ಯಾಕ್ರಿ? ನಿಮ್ಮ ಹೆಸರು ನಿಮಗೇ ಮರ್ತದೇನು? ಇನ್ನೂ ಗಾಡಿ ಬಂದಿಲ್ಲ, ಹೊಳ್ಳಿ ಡಾಕ್ಟರ್ ಕಡಿ ಹೋಗೂಣೇನು?"